ಹೆದರಿಕೆ ಅರಿಯದ ದ್ವೀಪ

ಅಕ್ಟೋಬರಿನ ಒಂದು ಮುಂಜಾನೆ. ರಾತ್ರಿಯಿಡೀ ಗುರುಗುಟ್ಟಿದ ಹಡಗಿನ ಎಂಜಿನ್ ಈಗ ಸುಮ್ಮನಾಗಿದೆ. ಡೆಕ್ಕಿಗೆ ಬಂದರೆ ತೆಳು ಮಂಜಿನಾಚೆ ಕಪ್ಪು ಬಂಡೆಗಳ ದ್ವೀಪವೊಂದು ನಿಧಾನವಾಗಿ ಕಣ್ಣಿಗೆ ಬೀಳುತ್ತದೆ. ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕಿರುವ ಗಲಾಪಗೋಸ್ ದ್ವೀಪಸಮೂಹದ ಆಗ್ನೇಯ ತುದಿ, ಎಸ್ಪಾನ್ಯೋಲಾ ಇದು. ಇಲ್ಲಿ ಊರಿಲ್ಲ, ಮನೆಯಿಲ್ಲ.

ರಬ್ಬರ್ ದೋಣಿಯಲ್ಲಿ ಪುಂಟಾ ಸುವಾರೆಜ್ ದಂಡೆಗೆ ಇಳಿಯುವ ಮುನ್ನವೇ ಮಾರ್ಗದರ್ಶಿ ಕಟ್ಟಳೆ ಹೇಳಿಬಿಡುತ್ತಾರೆ: ಗುರುತು ಹಾಕಿದ ಕಾಲುದಾರಿ ಬಿಡಬಾರದು, ಯಾವ ಪ್ರಾಣಿಗೂ ಎರಡು ಮೀಟರಿಗಿಂತ ಹತ್ತಿರ ಹೋಗಬಾರದು. ಎರಡು ಮೀಟರೆಂದರೆ ಆರು ಅಡಿ ಚಿಲ್ಲರೆ. ಆದರೆ ದಾರಿಯ ತುಂಬ ಪ್ರಾಣಿಗಳದೇ ಸಂಸಾರ! ಬಂಡೆಗಳ ಮೇಲೆ ಕಡಲ ಇಗ್ವಾನಾ ಎಂಬ ದೊಡ್ಡ ಹಲ್ಲಿಗಳು ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯುತ್ತಿವೆ. ಬೇರೆ ದ್ವೀಪಗಳಲ್ಲಿ ಹೆಚ್ಚಾಗಿ ಕಪ್ಪಗಿರುವ ಈ ಜೀವಿಗಳಿಗೆ ಇಲ್ಲಿ ಕೆಂಪು, ಹಸಿರು ಬಣ್ಣ. ಪಾಚಿ ಮೇಯುವಾಗ ಒಳಹೋದ ಉಪ್ಪನ್ನು ಮೂಗಿನಿಂದ 'ಫುಸ್' ಎಂದು ಚಿಮ್ಮಿಸುತ್ತವೆ. ಅದೇ ಒಣಗಿ ನೆತ್ತಿಯ ಮೇಲೆ ವಿಭೂತಿಯಂತೆ ಬೆಳ್ಳಗೆ ಅಂಟಿದೆ.

ಮುಂದೆ ನೀಲಿ ಕಾಲಿನ ಬೂಬಿ ಹಕ್ಕಿ. ಗಂಡು ಒಂದೊಂದೇ ಪಾದ ಎತ್ತಿ ತೋರಿಸಿ, ರೆಕ್ಕೆ ಹರಡಿ, ಕೊಕ್ಕನ್ನು ಮುಗಿಲಿಗೆ ಚಾಚಿ ಸಿಳ್ಳೆ ಹಾಕುತ್ತದೆ. ಕಡ್ಡಿಯೊಂದನ್ನು ತಂದು ಹೆಣ್ಣಿನ ಮುಂದಿಡುತ್ತದೆ. ಈ ಹಕ್ಕಿ ಗೂಡು ಕಟ್ಟುವುದೇ ಇಲ್ಲ, ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಆದರೂ ಕಡ್ಡಿ ಕೊಡುವ ಶಾಸ್ತ್ರ ತಪ್ಪಿಲ್ಲ.

ಪ್ರಪಾತದ ಅಂಚಿನಲ್ಲಿ ಒಂದು ಜಾತಿಯ ಆಲ್ಬಟ್ರಾಸ್‌ಗಳು. ಈ ಜಾತಿಯ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳೂ ಮರಿ ಮಾಡುವುದು ಈ ಒಂದೇ ದ್ವೀಪದಲ್ಲಿ. ಜೋಡಿಯೊಂದು ಹಳದಿ ಕೊಕ್ಕುಗಳನ್ನು ಕತ್ತಿವರಸೆಯಂತೆ ಟಕಟಕ ತಾಗಿಸುತ್ತದೆ, ಬಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಬಳಿಯಲ್ಲೇ ಕಂದು ತುಪ್ಪುಳದ ಮರಿ ಹಸಿದು ಕುಳಿತಿದೆ. ಆಟ ಮುಗಿಸಿದ ಹಕ್ಕಿ ತೂರಾಡುತ್ತ ಅಂಚಿಗೆ ನಡೆದು ಜಿಗಿಯಿತು. ಏಳು ಅಡಿ ಮೀರಿದ ರೆಕ್ಕೆ ಬಿಚ್ಚಿಕೊಂಡಿತು. ತಡವರಿಸುತ್ತಿದ್ದ ಆ ಜೀವ ಗಾಳಿಯ ಒಡೆಯನಾಯಿತು. ಅದು ಆಹಾರಕ್ಕೆ ಹಾರುವ ಪೆರು ಕರಾವಳಿಯಲ್ಲಿ ಮೀನುಗಾರರ ಗಾಳಗಳೂ ಕಾದಿರುತ್ತವೆ. ಅಳಿವಿನ ಅಂಚಿನಲ್ಲಿರುವ ಹಕ್ಕಿ ಇದು.

ಮಧ್ಯಾಹ್ನ ಗಾರ್ಡ್ನರ್ ಕೊಲ್ಲಿಯ ಬಿಳಿ ಮರಳು. ಕಡಲಸಿಂಹದ ಮರಿಯೊಂದು ತೆವಳುತ್ತ ಬಂದು ನನ್ನ ಚಪ್ಪಲಿ ಮೂಸಿತು. ಮೈಯೆಲ್ಲ ಒದ್ದೆ, ದೊಡ್ಡ ಕಪ್ಪು ಕಣ್ಣು, ಮೀಸೆಯ ತುದಿಯಲ್ಲಿ ಮರಳ ಕಾಳು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ, ಮೆಲ್ಲನೆ ಹಿಂದೆ ಸರಿದೆ. ದನಿ, ವಾಸನೆಗಳಿಂದಲೇ ಮರಿಯನ್ನು ಗುರುತಿಸುವ ತಾಯಿ ಅದಕ್ಕಿದೆ.

ಹೀಗೆ ಹೆದರದೆ ಇದ್ದ ಇಲ್ಲಿನ ದೈತ್ಯ ಆಮೆಗಳು ಬೆಲೆ ತೆತ್ತವು. ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕುತ್ತವೆಂದು ತಿಮಿಂಗಿಲ ಬೇಟೆಯ ನಾವಿಕರು ಅವನ್ನು ಮಾಂಸಕ್ಕಾಗಿ ಜೀವಂತವಾಗಿ ಹಡಗಿಗೆ ತುಂಬಿಕೊಂಡರು. ಉಳಿದವುಗಳ ಮೇವನ್ನು ಹೊರಗಿನಿಂದ ತಂದ ಆಡುಗಳು ಬೋಳಿಸಿದವು. 1960ರ ದಶಕದಿಂದ ಹುಡುಕಿದಾಗ ಸಿಕ್ಕಿದ್ದು 14 ಆಮೆಗಳು: 12 ಹೆಣ್ಣು, 2 ಗಂಡು. ಅವನ್ನು ಸಾಂತಾಕ್ರೂಜ್ ದ್ವೀಪಕ್ಕೆ ಒಯ್ದು ಸಾಕಿದರು. ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಿಂದ 'ಡಿಯಾಗೊ' ಎಂಬ ಮೂರನೆಯ ಗಂಡು ಬಂದು ಸೇರಿತು. 1978ರ ಹೊತ್ತಿಗೆ ಎಸ್ಪಾನ್ಯೋಲಾದಲ್ಲಿ ಆಡುಗಳಿರಲಿಲ್ಲ. ಸಂತತಿ ಸುಮಾರು 2,000ಕ್ಕೇರಿದ ಮೇಲೆ, 2020ರ ಜೂನ್‌ನಲ್ಲಿ ಆ ಹದಿನೈದೂ ಹಿರಿಯ ಜೀವಗಳು ತವರಿಗೆ ಮರಳಿದವು.

ಸಂಜೆ ಹಡಗು ಲಂಗರು ಎತ್ತಿತು. ಹೆದರಿ ಓಡುವ ಪ್ರಾಣಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ನಮ್ಮನ್ನು ನಂಬಿ ಹತ್ತಿರ ಬರುವ ಪ್ರಾಣಿಯನ್ನು ಕಾಯಬೇಕಾದವರು ನಾವು. ಯಾವ ಕಾಡಿಗೆ, ಯಾವ ಕಡಲಿಗೆ ಹೋದರೂ ಆ ಆರು ಅಡಿಯನ್ನು ನಾವೇ ಬಿಟ್ಟು ನಿಲ್ಲೋಣ.