ಹನ್ನೊಂದು ಗಂಟೆಯ ಆ ಎರಡು ನಿಮಿಷ

ಪ್ರತಿವರ್ಷ ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ದೇಶವೆಲ್ಲ ಎರಡು ನಿಮಿಷ ಕೆಲಸ ನಿಲ್ಲಿಸಿ, ಎದ್ದು ನಿಂತು, ಸ್ವಾತಂತ್ರ್ಯಕ್ಕಾಗಿ ಪ್ರಾಣತೆತ್ತವರನ್ನು ಮೌನವಾಗಿ ಸ್ಮರಿಸಬೇಕೆಂಬುದು ಸರಕಾರದ ಸೂಚನೆ. 1948ರ ಅದೇ ದಿನ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನಾ ಸಭೆಗೆ ನಡೆದು ಹೋಗುತ್ತಿದ್ದ ಗಾಂಧೀಜಿಯವರು ಗುಂಡಿಗೆ ಬಲಿಯಾದರು.

ಪಟ್ಟಣಗಳಲ್ಲಿ ಮೌನದ ಆರಂಭ, ಮುಕ್ತಾಯಗಳನ್ನು ಸೈರನ್ ಸಾರುತ್ತದೆ. ಕುಂದಗೋಳ ತಾಲೂಕಿನ ಕುಬಿಹಾಳದಂಥ ಊರುಗಳ ಎರಿಹೊಲಗಳಿಗೆ ಆ ಸೈರನ್ ಎಲ್ಲಿ ಕೇಳಿಸಬೇಕು? ಹಳ್ಳಿಗಳಲ್ಲಿ ಶಾಲೆಯ ಗಂಟೆಯೇ ಸೈರನ್. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬ ಕೆಮ್ಮುತ್ತಾನೆ, ಮತ್ತೊಬ್ಬ ನಗು ತಡೆಯಲಾರದೆ ತಲೆ ತಗ್ಗಿಸುತ್ತಾನೆ. ನಾವೂ ಹಾಗೆ ನಿಂತವರೇ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಂಕಿಗಳನ್ನು ಎಣಿಸಿದವರೇ. ಯಾರಿಗಾಗಿ ನಿಂತಿದ್ದೇವೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಾರ್ವಜನಿಕ ಮೌನದ ಈ ಪದ್ಧತಿ ತೀರ ಹಳೆಯದೇನಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರ ನವೆಂಬರ್ 11ರಂದು 11 ಗಂಟೆಗೆ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಎರಡು ನಿಮಿಷಗಳ ಮೌನವನ್ನು ಆಚರಿಸಲಾಯಿತು. ಆ ಯುದ್ಧದಲ್ಲಿ ಮಡಿದವರಲ್ಲಿ ಭಾರತದ ಯೋಧರೇ 70,000ಕ್ಕೂ ಹೆಚ್ಚು. ಆದರೆ ಸಂಖ್ಯೆಗಾಗಿ ಮನುಷ್ಯನ ಕಣ್ಣು ತೇವವಾಗದು. ಹೆಸರು ಬೇಕು, ಊರು ಬೇಕು.

2016ರ ಫೆಬ್ರವರಿಯಲ್ಲಿ ಈ ಮಾತು ನಮಗೆ ಮನದಟ್ಟಾಯಿತು. ಫೆಬ್ರವರಿ 3ರಂದು ಸಿಯಾಚಿನ್‌ನ ಹಿಮಕುಸಿತದಲ್ಲಿ ಹತ್ತು ಯೋಧರು ಹೂತುಹೋದರು. ಆರು ದಿನಗಳ ತರುವಾಯ ಹಿಮದಡಿಯಿಂದ ಜೀವಂತವಾಗಿ ಹೊರತೆಗೆಯಲ್ಪಟ್ಟ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದೇ ಕುಂದಗೋಳ ತಾಲೂಕಿನ ಬೆಟದೂರಿನವರು. ಅವರು ಉಳಿಯಲೆಂದು ದೇಶವೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ಕೊನೆಯುಸಿರೆಳೆದರು. ಪಾರ್ಥಿವ ಶರೀರ ಹುಬ್ಬಳ್ಳಿಗೆ ಬಂದಾಗ, ಹುಟ್ಟೂರಿನ ಮಣ್ಣು ಸೇರಿದಾಗ, ನೆರೆದ ಜನರನ್ನು ಒಗ್ಗೂಡಿಸಲು ಯಾವ ಸೈರನ್ನೂ ಬೇಕಾಗಿರಲಿಲ್ಲ. ಯಾರಿಗಾಗಿ ಬಂದಿದ್ದೇವೆಂಬುದನ್ನು ಎಲ್ಲರೂ ಬಲ್ಲವರಾಗಿದ್ದರು.

ಶುಭ ಶುಕ್ರವಾರದ ಆರಾಧನೆಯೂ ಮೌನದಿಂದಲೇ ಆರಂಭವಾಗುತ್ತದೆ. ಗುರುಗಳು ಪೀಠದ ಮುಂದೆ ಬೋರಲಾಗಿ ಮಲಗಿದಾಗ ನಮ್ಮ ಪುಟ್ಟ ಮಕ್ಕಳೂ ಸುಮ್ಮನಾಗುತ್ತಾರೆ. ಆ ಮೌನ ಯಾರಿಗಾಗಿ ಎಂಬುದನ್ನು ಅವರು ಮನೆಯಲ್ಲಿಯೇ ಕೇಳಿ ಬಲ್ಲರು. ರಾಷ್ಟ್ರದ ಮೌನಕ್ಕೂ ಇಂಥ ಸಿದ್ಧತೆ ಬೇಡವೇ?

ಬರುವ ಜನವರಿ 30ರ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಒಂದು ಹೆಸರನ್ನಾದರೂ ಹೇಳೋಣ. ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ಹೆಜ್ಜೆ ಹಾಕಿ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವರು ಅಂದಿನ ಧಾರವಾಡ ಜಿಲ್ಲೆಯವರೇ. ಅವರೊಂದಿಗೆ ಅಂದು ಮಡಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಮರುದಿನ ಗಂಟೆ ಬಾರಿಸಿದಾಗ ಮಕ್ಕಳು ಅಂಕಿ ಎಣಿಸುವ ಬದಲು ಈ ಹೆಸರುಗಳನ್ನು ನೆನೆಯಲಿ. ಆಗ ಎರಡು ನಿಮಿಷ ದೀರ್ಘವೆನಿಸದು, ಸಾಲದೆನಿಸೀತು.