ಬೆಂಗಳೂರು ನೋಡಿ ಬನ್ನಿ, ಕೊಟ್ಟಿಗೆಗೆ ನಷ್ಟವಾಗದಂತೆ



"ಹಸು ಕಟ್ಟಿದವರಿಗೆ ಪ್ರವಾಸ ಎಲ್ಲಿಯದು?" ಎಂಬ ಮಾತು ನಮ್ಮ ಸಂಘಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಹಸುವಿಗೆ ಭಾನುವಾರವಿಲ್ಲ, ಹಬ್ಬದ ರಜೆಯೂ ಇಲ್ಲ. ಮನೆಯ ಗಂಡಸರಾದರೂ ಕೋರ್ಟು, ಆಸ್ಪತ್ರೆ, ಮದುವೆ ಎಂದು ಬೆಂಗಳೂರಿಗೆ ಹೋಗಿ ಬಂದಿರುತ್ತಾರೆ. ದಿನಕ್ಕೆ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವ ಎಷ್ಟೋ ಮಂದಿ ತಾಯಂದಿರು ಮಾತ್ರ ವಿಧಾನಸೌಧವನ್ನು ಚಿತ್ರದಲ್ಲಿ ಬಿಟ್ಟು ಬೇರೆ ಕಡೆ ನೋಡಿಲ್ಲ. ಸರಿಯಾಗಿ ಯೋಜನೆ ಹಾಕಿಕೊಂಡರೆ ಇವರೂ ಕಡಿಮೆ ಖರ್ಚಿನಲ್ಲಿ ಬೆಂಗಳೂರು ನೋಡಿ ಬರಬಹುದು. ಅದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಿಜವಾದ ಖರ್ಚು ಯಾವುದು?

ಪ್ರವಾಸವೆಂದ ಕೂಡಲೇ ನಾವು ಬಸ್ ಚಾರ್ಜು, ಊಟ, ವಸತಿಯ ಲೆಕ್ಕ ಹಾಕುತ್ತೇವೆ. ಕೊಟ್ಟಿಗೆಯ ಲೆಕ್ಕವನ್ನು ಮರೆಯುತ್ತೇವೆ. ಉದಾಹರಣೆಗೆ, ಎರಡು ಹಸುಗಳಿಂದ ದಿನಕ್ಕೆ 16 ಲೀಟರ್ ಹಾಲು ಬರುವ ಮನೆಯೊಂದನ್ನು ತೆಗೆದುಕೊಳ್ಳಿ. ಕೈ ಬದಲಾದ ಕಾರಣ ದಿನಕ್ಕೆ 3 ಲೀಟರ್ ಕಡಿಮೆಯಾಗಿ, ಒಂದು ವಾರ ಹಾಗೆಯೇ ಮುಂದುವರಿದರೆ 21 ಲೀಟರ್ ನಷ್ಟ. ಇದು ಒಬ್ಬರ ಹೋಗಿಬರುವ ಬಸ್ ಚಾರ್ಜಿಗೆ ಸಮನಾಗಬಹುದು. ಇದರ ಮೇಲೆ ಕೆಚ್ಚಲು ಬಾವು ಬಂದರೆ ಔಷಧಿಯ ಖರ್ಚು ಬೇರೆ, ಔಷಧಿ ಕೊಟ್ಟ ದಿನಗಳ ಹಾಲನ್ನು ಡೇರಿಗೆ ಹಾಕುವಂತೆಯೂ ಇಲ್ಲ. ಆದ್ದರಿಂದ ಪ್ರವಾಸದ ಯೋಜನೆ ಬಸ್ ನಿಲ್ದಾಣದಿಂದಲ್ಲ, ಕೊಟ್ಟಿಗೆಯಿಂದ ಆರಂಭವಾಗಬೇಕು.

ಹೊರಡುವ ಮೊದಲು ಕೊಟ್ಟಿಗೆಯಲ್ಲಿ

1. ದಿನ ಗೊತ್ತುಮಾಡುವಾಗ ಹಸುವಿನ ಲೆಕ್ಕ ನೋಡಿ. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಕರು ಹಾಕುವ ದಿನ ಹತ್ತಿರವಿದ್ದರೆ ಅಥವಾ ಕರು ಹಾಕಿ ಕೆಲವೇ ದಿನಗಳಾಗಿದ್ದರೆ ಮನೆ ಬಿಡಬೇಡಿ. ಬೆದೆಗೆ ಬರುವ ದಿನವನ್ನೂ ಗಮನಿಸಿ. ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕಾಗುತ್ತದೆ.

2. ಹಾಲು ಕರೆಯುವವರನ್ನು ಮೊದಲೇ ರೂಢಿ ಮಾಡಿಸಿ. ಕೆಚ್ಚಲನ್ನು ತೊಳೆದು ಸವರಿದಾಗ ಆಕ್ಸಿಟೋಸಿನ್ ಎಂಬ ಚೋದಕ ರಸ ರಕ್ತದಲ್ಲಿ ಸೇರಿ ಹಸು ಸೊರೆ ಬಿಡುತ್ತದೆ. ಇದರ ಪರಿಣಾಮ ಇರುವುದು ಸುಮಾರು 5ರಿಂದ 7 ನಿಮಿಷ ಮಾತ್ರ. ಹೊಸಬರನ್ನು ಕಂಡು ಹಸು ಬೆದರಿದರೆ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೆಚ್ಚಲಿನಲ್ಲಿ ಉಳಿದ ಹಾಲೇ ಕೆಚ್ಚಲು ಬಾವಿಗೆ ದಾರಿ. ಆದ್ದರಿಂದ ಹೊರಡುವ ಮೂರು ನಾಲ್ಕು ದಿನ ಮೊದಲೇ ಅವರನ್ನು ಕರೆಸಿ, ನೀವು ಪಕ್ಕದಲ್ಲಿ ನಿಂತು ಕರೆಸಿರಿ.

3. ಪಶು ಆಹಾರವನ್ನು ಹೊತ್ತಿಗೆ ಇಷ್ಟೆಂದು ತೂಗಿ ಬೇರೆ ಬೇರೆ ಚೀಲಗಳಲ್ಲಿ ಇಡಿ. ಉಪಕಾರಕ್ಕೆಂದು ಬಂದವರು ಪ್ರೀತಿಯಿಂದ ಒಂದು ಬೊಗಸೆ ಹೆಚ್ಚು ಹಾಕುತ್ತಾರೆ. ದಿಢೀರನೆ ಹೆಚ್ಚಿದ ಆಹಾರದಿಂದ ಹೊಟ್ಟೆ ಕೆಡುತ್ತದೆ. ಹಸಿಮೇವು ಕೊಯ್ದಿಟ್ಟು, ನೀರಿನ ತೊಟ್ಟಿ ತುಂಬಿಸಿ ಹೊರಡಿ.

4. ಹಾಲನ್ನು ನಿಮ್ಮ ಸದಸ್ಯ ಸಂಖ್ಯೆಗೇ ಹಾಕಿಸಿ. ಎರಡು ಮನೆಯ ಹಾಲನ್ನು ಒಂದೇ ಕ್ಯಾನಿಗೆ ಸುರಿಯಬಾರದು. ಈ ವಿಷಯವನ್ನು ಸಂಘದ ಕಾರ್ಯದರ್ಶಿಗೆ ಮುಂಚಿತವಾಗಿ ತಿಳಿಸಿ.

5. ಪಶುವೈದ್ಯರ ಫೋನ್ ಸಂಖ್ಯೆ ಮತ್ತು ತುರ್ತು ಪಶು ಚಿಕಿತ್ಸೆಯ 1962 ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

ಮುಯ್ಯಾಳು ಪದ್ಧತಿ

ನಾಟಿ, ಕೊಯ್ಲಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಅದನ್ನೇ ಇಲ್ಲಿ ಬಳಸಿರಿ. ಸಂಘದ 20 ಮನೆಯವರು ಪ್ರವಾಸಕ್ಕೆ ಒಪ್ಪಿದರೆ ಎರಡು ತಂಡ ಮಾಡಿ. ಮೊದಲ ತಿಂಗಳು 10 ಮನೆಯವರು ಹೊರಟಾಗ ಉಳಿದ 10 ಮನೆಯವರು ತಲಾ ಒಂದು ಮನೆಯ ಕೊಟ್ಟಿಗೆ ನೋಡಿಕೊಳ್ಳಲಿ. ಮುಂದಿನ ತಿಂಗಳು ಅದಲು ಬದಲು. ಕೂಲಿಯ ಖರ್ಚಿಲ್ಲ, ನಂಬಿಕೆಗೂ ಕೊರತೆಯಿಲ್ಲ. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈಯನ್ನು ಸೋಪಿನಿಂದ ತೊಳೆಯುವುದು ಮಾತ್ರ ಕಡ್ಡಾಯ. ಮನೆಯಿಂದ ಮನೆಗೆ ರೋಗ ಹರಡುವುದು ಹೀಗೆಯೇ.

ತಪ್ಪುವುದು ಎರಡೇ ಹೊತ್ತು

ಸಂಜೆಯ ಹಾಲು ಕರೆದು, ಡೇರಿಗೆ ಹಾಕಿ, ಊಟ ಮುಗಿಸಿ ರಾತ್ರಿಯ ಬಸ್ಸಿಗೆ ಹೊರಟರೆ ಬೆಳಗಿನ ಜಾವ ಬೆಂಗಳೂರು. ದಿನವಿಡೀ ನೋಡಿ ಮತ್ತೆ ರಾತ್ರಿಯ ಬಸ್ಸು ಹಿಡಿದರೆ ಮರುದಿನ ಬೆಳಗಿನ ಹಾಲಿಗೆ ಮನೆಯಲ್ಲಿರುತ್ತೀರಿ. ಕೈ ಬದಲಾಗುವುದು ಒಂದು ಬೆಳಿಗ್ಗೆ, ಒಂದು ಸಂಜೆ ಮಾತ್ರ. ವಸತಿಯ ಖರ್ಚೂ ಉಳಿಯುತ್ತದೆ. ವಯಸ್ಸಾದವರು ಜೊತೆಯಲ್ಲಿದ್ದು ಒಂದು ರಾತ್ರಿ ತಂಗಲೇಬೇಕಾದರೆ, ರೈಲು ನಿಲ್ದಾಣದ ಸಮೀಪ 1903ರಲ್ಲಿ ಸ್ಥಾಪನೆಯಾದ ಗುಬ್ಬಿ ತೋಟದಪ್ಪನವರ ಧರ್ಮಛತ್ರದಂತಹ ಕಡೆ ಸ್ಥಳವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ರಾಜಹಂಸ, ಹವಾನಿಯಂತ್ರಿತ ಬಸ್ಸು ಮತ್ತು ಮೆಟ್ರೋ ರೈಲಿಗೆ ಅನ್ವಯಿಸುವುದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ.

ಒಂದು ದಿನದಲ್ಲಿ ಏನೇನು ನೋಡಬಹುದು?

ಮೆಜೆಸ್ಟಿಕ್‌ನಲ್ಲಿ ಇಳಿದು, ಶುಲ್ಕ ಕೊಟ್ಟು ಬಳಸುವ ಶೌಚಾಲಯದಲ್ಲಿ ಮುಖ ತೊಳೆದು, ತಿಂಡಿ ಮುಗಿಸಿ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಹೋಗಿ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ತೋಟವಿದು. ಗಾಜಿನ ಮನೆ, ಹಳೆಯ ಮರಗಳು, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆ ನೋಡತಕ್ಕವು.

ಅಲ್ಲಿಂದ ಸಿಟಿ ಬಸ್ಸು ಅಥವಾ ಆಟೋದಲ್ಲಿ ಬಸವನಗುಡಿಗೆ ಬನ್ನಿ. ಏಕಶಿಲೆಯ ದೊಡ್ಡ ಬಸವಣ್ಣನನ್ನು ನೋಡದೆ ದನ ಸಾಕುವವರು ಹಿಂತಿರುಗಬಾರದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ರೈತರು ತಮ್ಮ ಬೆಳೆಯನ್ನು ಬಸವಣ್ಣನಿಗೆ ಅರ್ಪಿಸುವ ಹಬ್ಬವಿದು.

ನಂತರ ಮಾರುಕಟ್ಟೆಯ ಬಳಿ 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಮರದ ಅರಮನೆ ನೋಡಿ, ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹಿಂತಿರುಗಿ. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಪೂರ್ಣಗೊಂಡ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಹೈಕೋರ್ಟು, ಅದರ ಹಿಂದೆ ಕಬ್ಬನ್ ಪಾರ್ಕು. ಇವನ್ನು ಹೊರಗಿನಿಂದ ನೋಡಲು ಕಾಸು ಖರ್ಚಿಲ್ಲ. ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಮೀಸಲಿಡಿ. ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅಲ್ಲಿ ಮುಟ್ಟಿ ತಿಳಿಯಬಹುದು. ಬನ್ನೇರುಘಟ್ಟವನ್ನು ಇದೇ ದಿನಕ್ಕೆ ಸೇರಿಸಬೇಡಿ. ಅದು ನಗರದಿಂದ ದೂರವಿದೆ, ಮಂಗಳವಾರ ರಜೆ ಬೇರೆ.

ನಮಗೆ ಸಂಬಂಧಿಸಿದ ಇನ್ನೊಂದು ಸ್ಥಳವೂ ಇದೆ. ಆಡುಗೋಡಿಯ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವು 1923ರಲ್ಲಿ ಆರಂಭವಾದದ್ದು. 1927ರಲ್ಲಿ ಮಹಾತ್ಮಾ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಇಲ್ಲಿಗೆ ಬಂದು ಗೋಪಾಲನೆಯ ವಿಷಯ ಕಲಿತರು. ಇಂತಹ ಕಡೆಗೆ ತಂಡವಾಗಿ ಹೋಗಲು ಮುಂಚಿತವಾಗಿ ಸಂಘದ ಮೂಲಕ ಪತ್ರ ಬರೆದು ಅನುಮತಿ ಪಡೆಯಬೇಕು.

ಹಣ ಕೂಡಿಸುವುದು ಹೇಗೆ?

ಪ್ರವಾಸಕ್ಕೆಂದು ಸಾಲ ಮಾಡಬೇಡಿ. ವಾರದ ಬಟವಾಡೆಯಲ್ಲಿ 50 ರೂಪಾಯಿ ತೆಗೆದಿಟ್ಟರೆ 20 ವಾರಗಳಲ್ಲಿ 1000 ರೂಪಾಯಿ ಆಗುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೆಡದಂತಹ ರೊಟ್ಟಿ, ಚಟ್ನಿಪುಡಿ, ಪುಳಿಯೋಗರೆ ಮನೆಯಿಂದಲೇ ಒಯ್ದರೆ ಹೋಟೆಲಿನ ಖರ್ಚು ಒಂದೇ ಊಟಕ್ಕೆ ಸೀಮಿತವಾಗುತ್ತದೆ. ತಂಡದ ಹಣವನ್ನು ಒಬ್ಬರು ಇಟ್ಟುಕೊಂಡು, ಲೆಕ್ಕವನ್ನು ಇನ್ನೊಬ್ಬರು ಬರೆಯಲಿ. ಪ್ರತಿಯೊಬ್ಬರ ಜೇಬಿನಲ್ಲೂ ತಂಡದ ಮುಖ್ಯಸ್ಥರ ಹೆಸರು, ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ದಾರಿ ತಪ್ಪಿದವರು ಎಲ್ಲಿಗೆ ಬರಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿ.

ಹಿಂತಿರುಗಿದ ಮೇಲೆ

ಮನೆಗೆ ಬಂದ ಕೂಡಲೇ ಮಲಗಬೇಡಿ. ಮೊದಲು ಕೊಟ್ಟಿಗೆಗೆ ಹೋಗಿ ಕೆಚ್ಚಲು ಮುಟ್ಟಿ ನೋಡಿ. ಬಿಸಿ, ಊತ, ಗಟ್ಟಿತನವಿದೆಯೇ, ಮೊದಲ ಹಾಲಿನಲ್ಲಿ ಗರಣೆ ಬರುತ್ತಿದೆಯೇ ಪರೀಕ್ಷಿಸಿ. ಅನುಮಾನ ಬಂದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ನಿಮ್ಮ ಕೊಟ್ಟಿಗೆ ನೋಡಿಕೊಂಡವರ ಮುಯ್ಯಿ ತೀರಿಸುವ ದಿನವನ್ನೂ ಅಂದೇ ಗೊತ್ತುಮಾಡಿ.

ಬಂಧುಗಳೇ, ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಪ್ರಸ್ತಾಪಿಸಿ. ಮೊದಲ ತಂಡದ ಪಟ್ಟಿಯಲ್ಲಿ, ಇದುವರೆಗೆ ಬೆಂಗಳೂರು ನೋಡದ ತಾಯಂದಿರ ಹೆಸರು ಮೊದಲು ಇರಲಿ. ನಗರದ ಜನ ಬೆಳಗಾಗೆದ್ದು ಕುಡಿಯುವ ಕಾಫಿಗೆ ಹಾಲು ಹಳ್ಳಿಯ ಇವರ ಕೈಯಿಂದಲೇ ಹೋಗುತ್ತದೆ. ಆ ನಗರವನ್ನು ಒಂದು ದಿನವಾದರೂ ಇವರು ಕಣ್ಣಾರೆ ಕಾಣಲಿ.