ಟ್ರೇಲರಿನ ದೀಪ ಕೆಟ್ಟರೆ ಮೊದಲು ಅರ್ಥಿಂಗ್ ನೋಡಿರಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಅನೇಕ ಒಕ್ಕಲುತನದ ಮನೆಗಳಲ್ಲಿ ಟ್ರ್ಯಾಕ್ಟರ್-ಟ್ರೇಲರ್ ಕುಟುಂಬದ ವಾಹನವೂ ಆಗಿದೆ. ಉಳ್ಳಾಗಡ್ಡಿ, ಶೇಂಗಾ, ಹತ್ತಿ, ಕಡಲೆ ಮಾರುಕಟ್ಟೆಗೆ ಹೋಗುವುದು ಇದರಲ್ಲಿಯೇ. ಸುಗ್ಗಿಯ ದಿನಗಳಲ್ಲಿ ಕತ್ತಲಲ್ಲಿಯೂ ಹೇರು ಸಾಗಿಸಬೇಕಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಮೋಟರ್ ಸೈಕಲ್ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಬರುತ್ತದೆ. ಹಿಂದೀಪವಿಲ್ಲದ ಟ್ರೇಲರ್ ಅದರ ಸವಾರನಿಗೆ ಕಾಣುವ ಹೊತ್ತಿಗೆ ಬ್ರೇಕ್ ಹಾಕಲು ಅವಕಾಶ ಉಳಿದಿರುವುದಿಲ್ಲ.

ದೋಷಕ್ಕೆ ಕಾರಣ

ದೀಪ ಉರಿಯಲು ವಿದ್ಯುತ್ತು ಬಲ್ಬಿಗೆ ಹೋಗಿ ಬ್ಯಾಟರಿಗೆ ಮರಳಬೇಕು. ಅದು 12 ವೋಲ್ಟ್ ಬ್ಯಾಟರಿಯಿಂದ ಫ್ಯೂಸ್, ಸ್ವಿಚ್ ಹಾಗೂ ಏಳು ಪಿನ್ನಿನ ಸಾಕೆಟ್ ಮೂಲಕ ಬಲ್ಬಿಗೆ ಹೋಗುತ್ತದೆ; ಅರ್ಥಿಂಗ್ ತಂತಿಯ ಮೂಲಕ ಮರಳುತ್ತದೆ. ಈ ತಂತಿ ಇಲ್ಲದ ಟ್ರೇಲರಿನಲ್ಲಿ ವಿದ್ಯುತ್ತು ಚಾಸಿ ಮತ್ತು ಕೊಂಡಿಯ ಪಿನ್ನಿನ ಮೂಲಕವೇ ಮರಳಬೇಕು. ಅಲ್ಲಿ ತುಕ್ಕು, ಗ್ರೀಸು, ಬಣ್ಣ ಇಲ್ಲವೆ ಎರೆ ಮಣ್ಣು ಕೂತರೆ ದಾರಿ ಕಟ್ಟುತ್ತದೆ. ಆಗ ಬಲ್ಬು ಬದಲಿಸಿದರೂ ಪ್ರಯೋಜನವಿಲ್ಲ.

ಗುರುತಿಸುವ ಬಗೆ

1. ಬ್ರೇಕ್ ಒತ್ತಿದಾಗ ಹಿಂದೀಪ ಮಂಕಾದರೆ, ಇಂಡಿಕೇಟರ್ ಹಾಕಿದಾಗ ಬೇರೆ ದೀಪಗಳೂ ಮಿನುಗಿದರೆ ಮೊದಲು ಅರ್ಥಿಂಗನ್ನು ಶಂಕಿಸಬೇಕು. ಮರಳುವ ದಾರಿ ಸಿಗದೆ ವಿದ್ಯುತ್ತು ಬೇರೆ ಬಲ್ಬಿನ ಮೂಲಕ ಹರಿಯುವುದರಿಂದ ಹೀಗಾಗುತ್ತದೆ.
2. ಒಂದೇ ದೀಪ ಉರಿಯದಿದ್ದರೆ ಆ ಬಲ್ಬು, ಹೋಲ್ಡರು ಮತ್ತು ತಂತಿಯನ್ನು ನೋಡಬೇಕು.
3. ಎಲ್ಲವೂ ಆರಿದ್ದರೆ ಫ್ಯೂಸ್, ಸಾಕೆಟ್ ಹಾಗೂ ಅರ್ಥಿಂಗ್ ಪರೀಕ್ಷಿಸಬೇಕು.

ಪರೀಕ್ಷೆ

ಎಂಜಿನ್ ನಿಲ್ಲಿಸಿ, ದೀಪದ ಸ್ವಿಚ್ ಹಾಕಬೇಕು. ಉದ್ದನೆಯ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಬಲ್ಬಿನ ಹೋಲ್ಡರಿನ ಲೋಹಕ್ಕೆ ಮುಟ್ಟಿಸಬೇಕು. ದೀಪ ಚೆನ್ನಾಗಿ ಉರಿದರೆ ದೋಷ ಅರ್ಥಿಂಗಿನದೇ. ಉರಿಯದಿದ್ದರೆ 12 ವೋಲ್ಟಿನ ಪರೀಕ್ಷಾ ದೀಪದ ಒಂದು ತುದಿಯನ್ನು ಚಾಸಿಗೆ, ಇನ್ನೊಂದನ್ನು ಸಾಕೆಟ್ಟಿನ ಪಿನ್ನಿಗೆ ಹಿಡಿದು, ವಿದ್ಯುತ್ತು ಎಲ್ಲಿಯವರೆಗೆ ಬರುತ್ತಿದೆ ಎಂದು ಹಂತ ಹಂತವಾಗಿ ನೋಡಬೇಕು.

ಏಳು ಪಿನ್ನಿನ ಸಾಕೆಟ್ಟಿನಲ್ಲಿ ರೂಢಿಯಂತೆ 1 ಮತ್ತು 4 ಎಡ-ಬಲ ಇಂಡಿಕೇಟರಿಗೆ, 3 ಅರ್ಥಿಂಗಿಗೆ, 5 ಮತ್ತು 7 ಬಲ-ಎಡ ಹಿಂದೀಪಕ್ಕೆ, 6 ಬ್ರೇಕ್ ದೀಪಕ್ಕೆ ಇರುತ್ತದೆ. ಸ್ಥಳೀಯವಾಗಿ ಕಟ್ಟಿದ ಟ್ರೇಲರಿನಲ್ಲಿ ತಂತಿಯ ಬಣ್ಣ ಬೇರೆ ಇರಬಹುದು. ಆದ್ದರಿಂದ ಬಣ್ಣವನ್ನಲ್ಲ, ಪಿನ್ನಿನ ಸಂಖ್ಯೆಯನ್ನು ನೋಡಿ ಜೋಡಿಸಬೇಕು.

ದುರಸ್ತಿ

ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಅನಂತರ ದೀಪದ ಲೋಹ ಭಾಗ ಮತ್ತು ಚಾಸಿಯನ್ನು ಮರಳು ಕಾಗದದಿಂದ ಉಜ್ಜಿ, ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥಿಂಗ್ ತಂತಿಯನ್ನು ಬೋಲ್ಟಿನಿಂದ ಬಿಗಿದು ಸಾಕೆಟ್ಟಿನ 3ನೆಯ ಪಿನ್ನಿಗೆ ಸೇರಿಸಬೇಕು. ಕೊಂಡಿಯ ಪಿನ್ನಿನ ಮೇಲೆ ನೆಚ್ಚಿರಬಾರದು. ತಂತಿಯನ್ನು ಕೊಳವೆಯೊಳಗೆ ಹಾಯಿಸಿ ಚಾಸಿಗೆ ಕಟ್ಟಿದರೆ ಉಜ್ಜಿ ಹರಿಯುವುದಿಲ್ಲ.

ಫ್ಯೂಸ್ ಪದೇ ಪದೇ ಹೋದರೆ ಎಲ್ಲಿಯೋ ತಂತಿ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ ಎಂದು ತಿಳಿಯಬೇಕು. ಫ್ಯೂಸಿನ ಬದಲು ದಪ್ಪ ತಂತಿ ಅಥವಾ ಬೇಗಡೆ ಕಾಗದ ಹಾಕುವುದು ಅಪಾಯಕರ. ತಂತಿ ಕಾದು ಕಿಡಿ ಹತ್ತಿದರೆ ಹತ್ತಿಯ ಹೇರು, ಟ್ರೇಲರ್ ಎರಡೂ ಉರಿದುಹೋಗಬಹುದು. ಇದ್ದ ಆಂಪಿಯರಿನ ಫ್ಯೂಸನ್ನೇ ಹಾಕಬೇಕು.

ಹೊರಡುವ ಮುನ್ನ

ಒಬ್ಬರು ಹಿಂದೆ ನಿಂತು ಹಿಂದೀಪ, ಬ್ರೇಕ್ ದೀಪ, ಎರಡೂ ಇಂಡಿಕೇಟರನ್ನು ನೋಡಬೇಕು. ಹೇರಿನ ತಾಡಪತ್ರಿ ದೀಪವನ್ನು ಮುಚ್ಚಿರಬಾರದು. ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಅದರ ಕೆಸರು ಒರೆಸಬೇಕು. ದಾರಿಯಲ್ಲಿ ದೀಪ ಆರಿದರೂ ಈ ಪಟ್ಟಿ ಹಿಂದಿನ ವಾಹನದ ಬೆಳಕಿಗೆ ಹೊಳೆದು ಎಚ್ಚರಿಸುತ್ತದೆ.